ಎಂಟು ಪಾಲು ರಾಗಿಗೆ ಒಂದು ಪಾಲು

ಮುನಿಯಕ್ಕ ಹೆಣದ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಉಗುರ ಸಂದಿಯನ್ನು ತೆಂಗಿನ ನಾರಿನಿಂದ ಉಜ್ಜುತ್ತಲೇ ಇದ್ದಳು. ಸೀಗೆಪುಡಿ ಹಾಕಿದ್ದಾಯಿತು, ಅರಿಶಿನ ಹಚ್ಚಿದ್ದಾಯಿತು, ಕಪ್ಪು ಮಾತ್ರ ಬಿಡಲೊಲ್ಲದು.

"ಇದೇನಮ್ಮಿ ಸಕುಂತಲಾ, ನಿಮ್ಮವ್ವ ಹಾಸಿಗೆ ಹಿಡಿದೇ ಮೂರು ವಾರ ಆಗಿತ್ತು. ಉಗುರಲ್ಲಿ ಇನ್ನೂ ಹುಚ್ಚೆಳ್ಳು ಐತಲ್ಲ," ಎಂದಳು.

"ಬಿಡು ಮುನಿಯಕ್ಕ. ಹಂಗೇ ಇರ್ಲಿ." ಶಕುಂತಲ ಚೊಂಬು ಬಗ್ಗಿಸಿ ತಾಯಿಯ ಮೊಣಕೈಗೆ ನೀರು ಬಿಟ್ಟಳು.

"ಹಂಗೇ ಇರ್ಲಿ ಅಂದ್ರೆ ಆಯ್ತದಾ? ಮ್ಯಾಲೆ ಹೋದ್ಮೇಲೆ ಅಲ್ಲಿರೋರು ಕೇಳಲ್ವಾ, ಯಾವಳಿವ್ಳು ಕೈ ತೊಳೀದೆ ಬಂದವ್ಳೆ ಅಂತ."

ಮರೆಗೆಂದು ಸೀರೆ ಹಿಡಿದು ನಿಂತಿದ್ದ ಮಾರಕ್ಕ, "ಅಲ್ಲೂ ನಾಯಿ ಸಾಕಿರ್ತಾರೆ ಬಿಡಕ್ಕ. ಈ ಕೈ ನೋಡಿದೇಟ್ಗೇ ಕೆಲಸಕ್ಕೆ ಸೇರಿಸ್ಕೊಂತಾರೆ," ಎಂದಳು. ಹೆಂಗಸರು ನಕ್ಕರು. ನಗುತ್ತಿದ್ದ ಮಾರಕ್ಕನೇ ಮೊದಲು ಅತ್ತದ್ದು. ಹಿಡಿದಿದ್ದ ಸೀರೆಯ ತುದಿಯಿಂದಲೇ ಕಣ್ಣೊರೆಸಿಕೊಂಡಳು.

ಬಿನ್ನಿಪೇಟೆಯ ಆ ಗಲ್ಲಿಯಲ್ಲಿ ಹನುಮಕ್ಕನನ್ನು 'ನಾಯಿ ಹನುಮಕ್ಕ' ಎಂದೇ ಕರೆಯುತ್ತಿದ್ದರು. ಬಸವನಗುಡಿಯ ಕಲ್ಯಾಣಮ್ಮನ ಬಂಗಲೆಯಲ್ಲಿ ಮೂವತ್ತು ವರ್ಷ ಹೊರಗೆಲಸ ಮಾಡಿದವಳು. ಹೊರಗೆಲಸ ಎಂದರೆ ಅಂಗಳ, ಚರಂಡಿ, ಹಿತ್ತಲು, ಆಮೇಲೆ ನಾಯಿ. ಒಳಗಿನ ಪಾತ್ರೆಗೆ ಬೇರೆಯವಳಿದ್ದಳು. ಹಿತ್ತಲ ಬಾಗಿಲಲ್ಲಿ ನಿಂತರೆ ಎಷ್ಟು ಕಾಣುತ್ತದೋ ಅಷ್ಟೇ ಹನುಮಕ್ಕ ಆ ಮನೆಯ ಒಳಗನ್ನು ಕಂಡದ್ದು.

ಹೆಣಕ್ಕೆ ಹೊಸ ಸೀರೆ ಉಡಿಸಿ, ಗೋಡೆಗೊರಗಿಸಿ ಕೂರಿಸಿ, ಹಣೆಗೆ ಕಾಸಗಲ ಕುಂಕುಮ ಇಡುವ ಹೊತ್ತಿಗೆ ಹನುಮಕ್ಕನ ತಮ್ಮ ದೇವಯ್ಯ ಗಲ್ಲಿಯ ತುದಿಯಿಂದ ಬಂದ.

"ಬಂಗ್ಲೆಯಮ್ಮ ಬಂದವ್ರೆ. ಕಾರು ಗಲ್ಲಿ ಬಾಯಲ್ಲಿ ನಿಂತದೆ. ಇಳಿಯಲ್ವಂತೆ. ಸಕುಂತಲನ್ನ ಕಳ್ಸು ಅಂದ್ರು."

ಶಕುಂತಲ ಕೈ ಒರೆಸಿಕೊಂಡು ಎದ್ದಳು. ಹೊಸ್ತಿಲ ಬಳಿ ಕೂತಿದ್ದ ಅವಳ ತಂದೆ ಕಾಳಪ್ಪ ಮಗಳ ಮುಖ ನೋಡಿದ. ಮಿಲ್ಲಿನಲ್ಲಿ ಇಪ್ಪತ್ತೈದು ವರ್ಷ ಮಗ್ಗದ ಸದ್ದಿಗೆ ಕಿವಿ ಮಂದವಾದವನು, ಮುಖ ಓದುವುದನ್ನು ಕಲಿತಿದ್ದ.

"ಬಿಸ್ಕತ್ತಿನ ವಿಷ್ಯ ಹೇಳಕ್ಕೆ ಹೊಂಟಿದೀಯ," ಎಂದ.

"ಹೂಂ."

"ಇವತ್ತು ಬ್ಯಾಡ."

"ನಾನು ಬದುಕಿರೋಗಂಟ ಬಾಯಿ ಬಿಡ್ಬ್ಯಾಡ ಅಂದಿದ್ಲು ಅವ್ವ. ಅಲ್ಲೀವರ್ಗೂ ಬಿಟ್ಟಿಲ್ಲ. ಇನ್ನೇನಪ್ಪ?"

"ಇನ್ನೂ ಮಣ್ಣಿಗಿಟ್ಟಿಲ್ಲ ಕಣಮ್ಮ. ನೀನು ಹೇಳಿದ ಮೇಲೆ ಆಯಮ್ಮ ನಡುಬೀದಿಲಿ ನಿಂತು ಅವ್ಳನ್ನ ಏನೇನು ಅಂತಾಳೋ. ಮೂವತ್ತು ವರ್ಷ ದುಡಿದೋಳು ಬೈಸ್ಕೊಂಡು ಗುಂಡಿಗಿಳೀಬೇಕಾ?"

"ಹೇಳ್ದಿದ್ರೆ ಹೆಸರಿಲ್ದೆ ಇಳೀತಾಳೆ."

ಕಾಳಪ್ಪ ಕಾಲು ಮಡಚಿ ದಾರಿ ಬಿಟ್ಟ. ಕಲ್ಯಾಣಮ್ಮನ ಹೆಸರಿನಲ್ಲಿ ಬಸವನಗುಡಿ, ಮಲ್ಲೇಶ್ವರದ ಮನೆಮನೆಗೆ ಹೋದ ಆ ನಾಯಿಬಿಸ್ಕತ್ತಿನೊಳಗೆ ಏನಿತ್ತು ಎಂಬುದು ಈ ಮನೆಯ ಮೂವರಿಗೆ ಬಿಟ್ಟರೆ ನಾಲ್ಕನೆಯವರಿಗೆ ಗೊತ್ತಿರಲಿಲ್ಲ. ಆ ಮೂವರಲ್ಲಿ ಒಬ್ಬಳು ಈಗ ಗೋಡೆಗೊರಗಿ ಕೂತಿದ್ದಳು.

*

ಪಿಂಕಿ ಬಂದದ್ದು ಎಪ್ಪತ್ತೊಂದರಲ್ಲಿ. ಹತ್ತಿಯ ಉಂಡೆಯಂಥ ಪೊಮೆರೇನಿಯನ್ ಮರಿ. ಈರುಳ್ಳಿಯನ್ನೂ ಒಳಗೆ ಬಿಡದ ಮನೆ ಅದು. ನಾಯಿಗೆ ಎರಡು ಹೊತ್ತು ಮೊಸರನ್ನ, ಹಬ್ಬಕ್ಕೆ ಹೋಳಿಗೆ, ಸಂಜೆ ಕಾಫಿಯ ಹೊತ್ತಿಗೆ ಮೈಸೂರುಪಾಕಿನ ಚೂರು. ಕಲ್ಯಾಣಮ್ಮನಿಗೆ ಮಕ್ಕಳಿರಲಿಲ್ಲ. ಎದೆಯಲ್ಲಿದ್ದ ಅಕ್ಕರೆಯನ್ನೆಲ್ಲ ಸಕ್ಕರೆ ಮಾಡಿ ಆ ಮರಿಗೆ ತಿನ್ನಿಸಿದಳು. ಎರಡು ವರ್ಷ ತುಂಬುವುದರೊಳಗೆ ಅದರ ಕೂದಲುದುರಿ ಬೆನ್ನಿನ ತೊಗಲು ಕಂಡಿತು, ಹಿಂಗಾಲು ಸೊಟ್ಟಗಾಯಿತು, ಮೆಟ್ಟಿಲು ಹತ್ತಲಾರದೆ ಅಂಗಳದಲ್ಲೇ ಮಲಗಿ ನರಳತೊಡಗಿತು.

ದನದಾಸ್ಪತ್ರೆಯಲ್ಲಿ ಅದನ್ನು ಎತ್ತಿಕೊಂಡು ನಿಂತವಳು ಹನುಮಕ್ಕ. ಡಾಕ್ಟರು ಅದರ ತುಟಿ ಬಿಡಿಸಿ ಒಸಡು ನೋಡಿ ಕೇಳಿದರು.

"ಏನು ಹಾಕ್ತಿದೀರ ಇದಕ್ಕೆ?"

"ನಾವು ತಿನ್ನೋದೇ ಡಾಕ್ಟ್ರೇ," ಎಂದಳು ಕಲ್ಯಾಣಮ್ಮ.

"ಅಲ್ಲೇ ತಪ್ಪಾಗಿರೋದು. ಸಿಹಿ, ಉಪ್ಪು, ಕರಿದಿದ್ದು ನಿಲ್ಸಿ. ದಿನಾ ಒಂದಿಷ್ಟು ಬೇಯಿಸಿದ ಮಾಂಸ, ಆಗಾಗ ಲಿವರ್ ಕೊಡಿ. ಹೀಗೇ ಬಿಟ್ರೆ ಜಾಸ್ತಿ ದಿನ ಉಳಿಯಲ್ಲ."

"ನಮ್ಮನೇಲಿ ಅದೆಲ್ಲ ಆಗಲ್ಲ. ಟಾನಿಕ್ ಏನಾದ್ರೂ ಬರ್ಕೊಡಿ."

ಡಾಕ್ಟರು ಟಾನಿಕ್ಕು ಬರೆದುಕೊಟ್ಟರು. ಬರೆಯುತ್ತ ಒಂದು ಸಲ ಹನುಮಕ್ಕನ ಮುಖ ನೋಡಿದರು.

ಆ ಭಾನುವಾರ ಸಾಬರ ಅಂಗಡಿಯಿಂದ ತಂದ ದನದ ಈಲಿಯನ್ನು, ಡಾಕ್ಟರು ಹೇಳಿದ ಆ ಲಿವರನ್ನು, ಹನುಮಕ್ಕ ಸಾರಿಗೆ ಹಾಕಲಿಲ್ಲ. ಉಪ್ಪಿಲ್ಲದ ನೀರಲ್ಲಿ ಬೇಯಿಸಿ, ಎಲೆಯಷ್ಟು ತೆಳ್ಳಗೆ ಹೆಚ್ಚಿ, ಸಣ್ಣ ಕೆಂಡದ ಮೇಲೆ ಹೆಂಚಿಟ್ಟು ಒಣಗಿಸಿದಳು. ಒಣಗಿ ಕಟುಕಟು ಎಂದ ಮೇಲೆ ಒರಳಿಗೆ ಹಾಕಿ ಕುಟ್ಟಿದಳು. ಮೊದಲ ಸಲ ಪುಡಿ ಜಾಸ್ತಿಯಾಗಿ ಪಿಂಕಿ ಹಿತ್ತಲಲ್ಲಿ ಕಕ್ಕಿತು. ಎರಡನೆಯ ಸಲ ಗೋಧಿಹಿಟ್ಟು ಹಾಕಿದಳು, ಹೊಟ್ಟೆಯುಬ್ಬರಿಸಿತು. ಮೂರನೆಯ ಸಲಕ್ಕೆ ರಾಗಿ ಹಿಡಿಸಿತು. ಎಂಟು ಪಾಲು ಹುರಿದ ರಾಗಿಹಿಟ್ಟಿಗೆ ಒಂದು ಪಾಲು ಈಲಿಪುಡಿ, ಕಲಸಲು ಬೇಯಿಸಿದ ಸಿಹಿಗುಂಬಳ. ಬೆಲ್ಲ ಬೇಡ, ಉಪ್ಪು ಬೇಡ, ಎಣ್ಣೆ ಬೇಡ. ವಾಸನೆ ಮುಚ್ಚಲು ಹುಚ್ಚೆಳ್ಳನ್ನು ಸೀಯುವ ಹದಕ್ಕೆ ಹುರಿದು ಮೇಲೆ ಹೊರಳಿಸಿದಳು. ಎಂಟಾಣೆಯಗಲ ತಟ್ಟಿ, ಕೆಳಗೂ ಮೇಲೂ ಕೆಂಡವಿಟ್ಟು ಸುಟ್ಟಳು. ಪ್ರತಿ ಸಲವೂ ಮೊದಲನೆಯದನ್ನು ತಾನೇ ಕಚ್ಚಿ ನೋಡುತ್ತಿದ್ದಳು. ತನ್ನ ಬಾಯಿಗೆ ಹಾಕಿಕೊಳ್ಳದ್ದನ್ನು ಇನ್ನೊಂದು ಜೀವದ ಬಾಯಿಗೆ ಹಾಕಬಾರದು ಎಂಬುದು ಅವಳ ಲೆಕ್ಕ.

"ಈಲಿ ನಮಗಿಲ್ವಾ?" ಎಂದು ಹದಿನಾಲ್ಕು ವರ್ಷದ ಶಕುಂತಲ ತಟ್ಟೆ ಹಿಡಿದು ಕೇಳಿದ್ದಳು.

"ನಿನಗೆ ಸಾರೈತಲ್ಲಮ್ಮಿ. ಅದಕ್ಕೇನೈತೆ?"

ಮೂರು ತಿಂಗಳಿಗೆ ಪಿಂಕಿಯ ಬೆನ್ನ ಮೇಲೆ ಬೆಳ್ಳಿಯಂಥ ಕೂದಲು ಬಂತು. ಗೇಟಿನವರೆಗೆ ಓಡಿಹೋಗಿ ಹಾಲಿನವನನ್ನು ಕಂಡು ಬೊಗಳಿತು. ಕಲ್ಯಾಣಮ್ಮ ಹಿತ್ತಲ ಬಾಗಿಲಿಗೆ ಬಂದು, "ಏನೇ ಹಾಕ್ತೀಯ ಅದಕ್ಕೆ?" ಎಂದಳು.

"ರಾಗಿ, ಕುಂಬಳಕಾಯಿ, ಹುಚ್ಚೆಳ್ಳು ಅಮ್ಮಾವ್ರೇ."

ಕಲ್ಯಾಣಮ್ಮ ಒಂದು ಬಿಸ್ಕತ್ತು ತೆಗೆದುಕೊಂಡು ಮೂಸಿದಳು. "ಎಂಥ ಘಮ. ಹುರಿದ ಪದಾರ್ಥಕ್ಕೆ ಮೈಲಿಗೆ ಇಲ್ಲ, ಉಗ್ರಾಣದಲ್ಲೇ ಇಡಬಹುದು," ಎಂದು ತಾನೇ ಶಾಸ್ತ್ರ ಹೇಳಿಕೊಂಡು ಡಬ್ಬ ಒಳಗೆ ತೆಗೆದುಕೊಂಡು ಹೋದಳು. ಡಬ್ಬ ಒಳಗೆ ಹೋಯಿತು. ಮಾಡಿದವಳು ಹಿತ್ತಲಲ್ಲೇ ಉಳಿದಳು.

ರಜೆಯೆಂದು ತಾಯಿಯ ಜೊತೆ ಬಂದು ಪೊರಕೆ ಹಿಡಿದಿದ್ದ ಶಕುಂತಲನ ಎದುರಿಗೇ ಕಲ್ಯಾಣಮ್ಮ ಇನ್ನೊಂದು ಮಾತಾಡಿದಳು. "ನೋಡಿದ್ಯಾ ಹನುಮಕ್ಕ, ಮಾಂಸ ಮಾಂಸ ಅಂತ ಬಡ್ಕೊಂಡ್ನಲ್ಲ ಆ ಡಾಕ್ಟ್ರು. ಒಳ್ಳೇ ಮನೇಲಿ ಬೆಳೆದ್ರೆ ನಾಯಿಗೂ ಸಂಸ್ಕಾರ ಬರತ್ತೆ. ಕೆಲವು ಮನುಷ್ಯರಿಗೇ ಬರಲ್ಲ."

ಹನುಮಕ್ಕ ಬಗ್ಗಿ ಪಿಂಕಿಯ ಹೇಲು ಬಳಿಯುತ್ತಿದ್ದಳು. "ಹೌದು ಅಮ್ಮಾವ್ರೇ," ಎಂದಳು.

*

ಕಾರಿನ ಹಿಂದಿನ ಸೀಟಿನಲ್ಲಿ ಕಲ್ಯಾಣಮ್ಮ ಅಳುತ್ತಿದ್ದಳು. ಸುಳ್ಳು ಅಳುವಲ್ಲ, ಕಣ್ಣು ಕೆಂಪಗಿತ್ತು, ಮೂಗು ಸೋರುತ್ತಿತ್ತು. ಮಡಿಲಲ್ಲಿ ಮುದಿ ಪಿಂಕಿ ಮುದುರಿತ್ತು. ಮೂರೇ ವಾರಕ್ಕೆ ಅದರ ಮೈ ಮಂಕಾಗಿರುವುದು ಶಕುಂತಲನ ಕಣ್ಣಿಗೆ ಬಿತ್ತು.

ಕಿಟಕಿಯಿಂದ ಸುಗಂಧರಾಜದ ಹಾರ ಹೊರಗೆ ಬಂತು. "ಇದನ್ನ ಅವಳಿಗೆ ಹಾಕಮ್ಮ. ನಾನೇ ಬರ್ಬೇಕಿತ್ತು. ಮನೇಲಿ ಇವತ್ತು ವ್ರತ, ಒಳಗೆ ಬಂದ್ರೆ ಮತ್ತೆ ತಲೆಗೆ ಸ್ನಾನ, ಈ ವಯಸ್ಸಲ್ಲಿ ನನಗಾಗಲ್ಲ."

ಶಕುಂತಲ ಹಾರ ತೆಗೆದುಕೊಂಡು ಹಿಂದೆ ನಿಂತಿದ್ದ ದೇವಯ್ಯನ ಕೈಗೆ ಕೊಟ್ಟಳು. ಅವನು ಅದನ್ನು ಹೆಗಲ ಮೇಲೆ ಹಾಕಿಕೊಂಡು ಹೋದ.

"ಮೂವತ್ತು ವರ್ಷ ಕಣೇ. ಒಂದು ದಿನ ಎದುರು ಮಾತಾಡಿದೋಳಲ್ಲ. ಅಂಥೋಳು ಸಿಗಲ್ಲ ಇನ್ನು." ಕಲ್ಯಾಣಮ್ಮ ಮೂಗೊರೆಸಿಕೊಂಡು ಸ್ವಲ್ಪ ತಡೆದಳು. "ಇವತ್ತು ಕೇಳಬಾರದು, ಗೊತ್ತು ನನಗೆ. ಆದ್ರೆ ಇವಳನ್ನ ನೋಡು. ನಿಮ್ಮಮ್ಮ ಮಲಗಿದ ಮೇಲೆ ನಾನೇ ಮಾಡ್ದೆ. ರಾಗಿ, ಕುಂಬಳಕಾಯಿ, ಹುಚ್ಚೆಳ್ಳು, ಎಲ್ಲ ಸರಿಯಾಗೇ ಹಾಕ್ದೆ. ಮೂಸಿ ಮುಖ ತಿರುಗಿಸ್ತಾಳೆ. ಮಲ್ಲೇಶ್ವರದಲ್ಲಿ ನಮ್ಮ ಶೈಲಜನ ಬೆಕ್ಕುಗಳೂ ಅಷ್ಟೇ, ಮುಟ್ತಿಲ್ವಂತೆ. ಅವಳ ಕೈಯಳತೆಲಿ ಏನೋ ಇತ್ತು. ನಿನಗೆ ಹೇಳ್ಕೊಟ್ಟಿರ್ತಾಳಲ್ಲ?"

"ಹೇಳ್ಕೊಟ್ಟಿದಾಳೆ."

"ಹಾಗಾದ್ರೆ ಹೇಳಮ್ಮ, ಬರ್ಕೋತೀನಿ." ಅವಳು ಕೈಚೀಲದಿಂದ ಒಂದು ಹಳೆಯ ಲಕೋಟೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದಳು.

*

ಎಂಬತ್ತನೆಯ ಇಸವಿಯ ದಸರೆಗೆ ಮಹಿಳಾ ಸಮಾಜದ ಮಾರಾಟ. ಸಂಡಿಗೆ, ಉಪ್ಪಿನಕಾಯಿ, ಕಸೂತಿಯ ಮೇಜುಬಟ್ಟೆಗಳ ನಡುವೆ ಕಲ್ಯಾಣಮ್ಮನ ಮೇಜು. ಕಚೇರಿಯಲ್ಲಿ ಟೈಪಿಸ್ಟ್ ಆಗಿ ಆಗಷ್ಟೇ ಸೇರಿದ್ದ ಶಕುಂತಲನ ಅಕ್ಷರ ಚೆನ್ನ ಎಂದು ಚೀಟಿ ಬರೆಸಿದ್ದೂ ಅವಳ ಕೈಯಿಂದಲೇ: 'ಕಲ್ಯಾಣಮ್ಮನವರ ಸಾತ್ವಿಕ ಬಿಸ್ಕತ್ತು. ನಾಯಿ, ಬೆಕ್ಕುಗಳಿಗೆ. ಶುದ್ಧ ಸಸ್ಯಾಹಾರ.' ಅರವತ್ತು ಚೀಟಿ ಬರೆದಳು. ಅರವತ್ತು ಸಲವೂ ಹನುಮಕ್ಕ ಎಂಬ ಹೆಸರು ಕೈಯ ತುದಿಯವರೆಗೆ ಬಂದು ನಿಂತಿತು.

ಡಬ್ಬಗಳನ್ನು ಹೊತ್ತುತಂದ ತಾಯಿ ಮಗಳು ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ನಿಂತಿದ್ದರು. ಯಾರೋ ಹೆಂಗಸು ಪೊಟ್ಟಣ ಮೂಸಿ, "ಏನೋ ಒಂಥರಾ ವಾಸನೆ ಇದೆಯಲ್ರೀ ಕಲ್ಯಾಣಮ್ಮ," ಎಂದಳು.

"ಹುಚ್ಚೆಳ್ಳು ಕಣ್ರೀ. ಶುದ್ಧ ಅನ್ನೋದಕ್ಕೆ ಸಾಕ್ಷಿ ಬೇಕಾ? ನಾನೇ ತಿಂದು ತೋರಿಸ್ತೀನಿ."

"ಬ್ಯಾಡಿ ಅಮ್ಮಾವ್ರೇ," ಎಂದಳು ಹನುಮಕ್ಕ ಬಾಗಿಲಿನಿಂದ. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ಶಕುಂತಲ ಅದುವರೆಗೆ ಕೇಳಿರಲಿಲ್ಲ. "ನಾಯಿದು ಅದು. ತಿನ್ಬ್ಯಾಡಿ."

ಹೆಂಗಸರೆಲ್ಲ ತಿರುಗಿ ನೋಡಿದರು. ಕಲ್ಯಾಣಮ್ಮ ನಕ್ಕಳು. "ನೋಡ್ರೀ, ಇವಳಿಗೆ ಎಲ್ಲಿ ಖರ್ಚಾಗಿಬಿಡತ್ತೋ ಅಂತ ಭಯ." ಕಟುಮ್ ಎಂದು ಅರ್ಧ ಕಚ್ಚಿ ಅಗಿದು, ನುಂಗಿ, ಬಾಯಿ ತೆರೆದು ತೋರಿಸಿದಳು. ಚಪ್ಪಾಳೆ ಬಿತ್ತು. ಮಧ್ಯಾಹ್ನದೊಳಗೆ ಮೇಜು ಖಾಲಿಯಾಯಿತು.

ವಾಪಸು ಬರುವಾಗ ಚಾಮರಾಜಪೇಟೆಯ ಯಾವುದೋ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಹನುಮಕ್ಕ ಕುಸಿದು ಕೂತಳು.

"ಪಾಪ ಮಾಡ್ದೆ ಕಣಮ್ಮಿ. ತಿನ್ನದೋರಿಗೆ ತಿನ್ನಿಸ್ಬಾರದು."

"ನೀನು ತಿನ್ನಿಸ್ಲಿಲ್ಲ, ಆಯಮ್ಮನೇ ತಿಂದ್ಲು. ಆಗ್ಬೇಕಾದ್ದೇ. ನಾಳೆ ಬೆಳಿಗ್ಗೆ ನಾನೇ ಹೋಗಿ ಹೇಳ್ತೀನಿ, ನಿಮ್ ನಾಯಿ ಹೊಟ್ಟೇಲಿರೋ ಸಂಸ್ಕಾರ ಯಾವ ಅಂಗಡೀದು ಅಂತ."

"ಹೇಳಿದ್ರೆ ನಾಳೆಯಿಂದ ಪಿಂಕಿಗೆ ಮೊಸರನ್ನ. ಆಯಮ್ಮಂದು ಬಾಯಿ ಅಷ್ಟೇ, ಬಾಯಿಗೆ ಬಂದಿದ್ದು ಹೇಳ್ಕೊಳ್ಲಿ. ಆ ಜೀವ ಏನ್ ಮಾಡೈತೆ?" ಅವಳು ಮಗಳ ಮಣಿಕಟ್ಟು ಹಿಡಿದುಕೊಂಡಳು. "ನಾನು ಬದುಕಿರೋಗಂಟ ಬಾಯಿ ಬಿಡ್ಬ್ಯಾಡ. ಆಮ್ಯಾಕೆ ನಿನ್ನಿಷ್ಟ."

"ಮಾಡಿದೋಳು ನೀನು. ಒಂದು ಚೀಟೀಲೂ ನಿನ್ ಹೆಸರಿಲ್ಲ."

"ನನ್ ಹೆಸರು ಪಿಂಕಿಗೆ ಗೊತ್ತು ಬಿಡು," ಎಂದಳು ಹನುಮಕ್ಕ, ಏಳುತ್ತ.

ಅದಾಗಿ ಮೂರು ವರ್ಷಕ್ಕೆ, ಈ ಸಲದ ಬೇಸಿಗೆಯಲ್ಲಿ, ಹನುಮಕ್ಕ ಅಂಗಳದಲ್ಲೇ ತಲೆಸುತ್ತಿ ಬಿದ್ದಾಗ, ಸರ್ಕಾರಿ ಆಸ್ಪತ್ರೆಯಲ್ಲಿ ಎಳೆಯ ಡಾಕ್ಟರೊಬ್ಬ ಅವಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲವೆಂದ. ಹತ್ತು ವರ್ಷದಿಂದ ಏನು ತಿಂದು ಬದುಕಿದ್ದೀಯಮ್ಮ ಎಂದ. ಮಾತ್ರೆ ಬರೆದುಕೊಟ್ಟು, "ವಾರಕ್ಕೆರಡು ಸಲ ಲಿವರ್ ತಿನ್ನು," ಎಂದ. ಹನುಮಕ್ಕ ನಕ್ಕಳು. ಡಾಕ್ಟರಿಗೆ ಸಿಟ್ಟು ಬರುವಷ್ಟು ಹೊತ್ತು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಂದಿನಿಂದ ಶಕುಂತಲ ಕಚೇರಿ ಮುಗಿಸಿ ಬರುವಾಗ ಈಲಿ ತರುತ್ತಿದ್ದಳು. ತಾಯಿ ಮಗಳ ಎದುರಿಗೆ ಎರಡು ಚೂರು ತಿನ್ನುತ್ತಿದ್ದಳು. ಮಿಕ್ಕದ್ದು ಎಲ್ಲಿ ಹೋಗುತ್ತಿತ್ತೆಂದು ಮರುದಿನ ಹೆಂಚು ನೋಡಿದರೆ ತಿಳಿಯುತ್ತಿತ್ತು.

*

"ಹೇಳಮ್ಮ," ಎಂದಳು ಕಲ್ಯಾಣಮ್ಮ.

ಹಿಂದೆ ಗಲ್ಲಿಯಲ್ಲಿ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದರು. ತಮಟೆಯವರು ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದರು. ಕಾಳಪ್ಪ ಹೊಸ್ತಿಲಿನಿಂದ ಎದ್ದು ಬಂದು, ಹತ್ತು ಮಾರು ದೂರದಲ್ಲಿ ನಿಂತಿದ್ದ. ಬೇಡ ಎಂದು ಕೈಸನ್ನೆಯನ್ನೂ ಮಾಡಲಿಲ್ಲ, ಹತ್ತಿರಕ್ಕೂ ಬರಲಿಲ್ಲ.

"ಎಂಟು ಪಾಲು ರಾಗಿಹಿಟ್ಟು," ಎಂದಳು ಶಕುಂತಲ. "ಹಸಿ ವಾಸನೆ ಹೋಗೋ ಹಾಗೆ ಹುರೀಬೇಕು. ಕಲಸೋಕೆ ನೀರು ಬೇಡ, ಬೇಯಿಸಿದ ಕುಂಬಳಕಾಯಿ."

"ಅದು ಗೊತ್ತು ನನಗೆ."

"ಒಂದು ಪಾಲು ಈಲಿಪುಡಿ."

ಪೆನ್ನು ಲಕೋಟೆಯ ಮೇಲೆ ಓಡುತ್ತಿತ್ತು. 'ಒಂದು ಪಾಲು' ಎಂದು ಬರೆದು ನಿಂತಿತು. "ಏನು ಪುಡಿ?"

"ಈಲಿ. ಲಿವರ್. ದನದ್ದು. ಉಪ್ಪು ಹಾಕ್ದೆ ಬೇಯಿಸಿ, ಕೆಂಡದ ಮೇಲೆ ಒಣಗಿಸಿ, ಕುಟ್ಟಿದ್ದು."

ಡ್ರೈವರು ಕನ್ನಡಿಯಲ್ಲಿ ಒಮ್ಮೆ ನೋಡಿ ತಟಕ್ಕನೆ ಕಣ್ಣು ತೆಗೆದ.

"ತಮಾಷೆ ಮಾಡ್ಬೇಡ ಶಕುಂತಲಾ."

"ಒಳಗೆ ನಮ್ಮವ್ವನ ಹೆಣ ಕೂರಿಸಿದೀವಿ. ತಮಾಷೆ ಮಾಡೋ ದಿನ ಅಲ್ಲ ಇದು. ಆ ಡಾಕ್ಟ್ರು ಮಾಂಸ ಕೊಡಿ ಅಂದಿದ್ದು ನಿಮಗೆ. ಕೊಟ್ಟಿದ್ದು ನಮ್ಮವ್ವ. ನಮ್ಮ ತಟ್ಟೆಯಿಂದ ಎತ್ತಿ ಕೊಟ್ಟಿದ್ದು."

ಕಲ್ಯಾಣಮ್ಮನ ತುಟಿ ಅಲುಗಿತು. "ಅಂದ್ರೆ ಅವತ್ತು ಸಮಾಜದಲ್ಲಿ, ನಾನು…"

"ಹೂಂ. ಬ್ಯಾಡಿ ಅಂದ್ಲು ಅವ್ವ. ನೀವು ನಕ್ರಿ."

"ನನಗೆ ಇಂಥ ದ್ರೋಹ. ಮೂವತ್ತು ವರ್ಷ ಅನ್ನ ಹಾಕಿದ ಮನೆಗೆ."

"ಹಿತ್ತಲ ಕಲ್ಲಿನ ಮೇಲೆ ಹಾಕಿದ ಅನ್ನ ಅದು ಅಮ್ಮಾವ್ರೇ. ಅದಕ್ಕೆ ನಮ್ಮವ್ವ ಅಂಗಳ ಗುಡಿಸಿದಾಳೆ. ಇದು ಬೇರೆ. ಇದನ್ನ ನೀವು ಕೇಳಿರ್ಲಿಲ್ಲ, ಅವಳು ಹೇಳಿರ್ಲಿಲ್ಲ. ನಿಮ್ಮ ನಾಯಿ ಬದುಕ್ಲಿ ಅಂತ ಮಾಡಿದ್ದು." ಶಕುಂತಲನ ದನಿ ಏರಲಿಲ್ಲ. ಏರುತ್ತದೆಂದು ಅವಳೇ ಅಂದುಕೊಂಡಿದ್ದಳು. ಹತ್ತು ವರ್ಷ ಎಷ್ಟೋ ಸಲ ಈ ಮಾತನ್ನು ಬಾಯೊಳಗೇ ಕಿರುಚಿದ್ದಳು. ಈಗ ಬಂದದ್ದು ಕಚೇರಿಯಲ್ಲಿ ಕಾಗದ ಓದಿ ಹೇಳುವಂಥ ದನಿ. "ಬಯ್ಯೋದಿದ್ರೆ ಬಯ್ಯಿ. ಆದ್ರೆ ನನಗೆ ಬಯ್ಯಿ, ಹೇಳಿದೋಳು ನಾನು. ಅವಳು ಇನ್ನೂ ಮಣ್ಣಿಗೆ ಹೋಗಿಲ್ಲ."

ಕಲ್ಯಾಣಮ್ಮ ಬಯ್ಯಲಿಲ್ಲ. ಪಿಂಕಿ ಮಡಿಲಲ್ಲಿ ತಲೆಯೆತ್ತಿ, ಶಕುಂತಲನ ಕಡೆ ಮೂಗು ಚಾಚಿ, ಕೆಮ್ಮಿತು.

ಶಕುಂತಲ ಕಿಟಕಿಯೊಳಗೆ ಕೈ ಹಾಕಿ ಪೆನ್ನನ್ನೂ ಲಕೋಟೆಯನ್ನೂ ತೆಗೆದುಕೊಂಡಳು. ಕಾರಿನ ಮೂತಿಯ ಮೇಲೆ ಇಟ್ಟುಕೊಂಡು, ಕಲ್ಯಾಣಮ್ಮ ನಿಲ್ಲಿಸಿದಲ್ಲಿಂದ ಮುಂದಕ್ಕೆ ಬರೆದಳು. ದನದ ಈಲಿ. ತೆಳ್ಳಗೆ ಹೆಚ್ಚುವುದು. ಕೆಂಡ ಸಣ್ಣಗಿರಲಿ. ಒಂದು ಪಾಲಿಗಿಂತ ಜಾಸ್ತಿ ಬೇಡ, ಹೊಟ್ಟೆ ಕೆಡುತ್ತದೆ. ಹಲ್ಲು ಬಿದ್ದ ನಾಯಿಗೆ ಬಿಸಿನೀರಲ್ಲಿ ನೆನೆಸಿ ಕೊಡಬೇಕು. ಹಿಂಬದಿಗೆ ತಿರುಗಿಸಿ ಬೆಕ್ಕುಗಳದನ್ನೂ ಬರೆದಳು: ರಾಗಿ ತೀರ ಕಮ್ಮಿ, ಒಣಗಿದ ಸಣ್ಣ ಮೀನನ್ನು ಉಪ್ಪು ಬಿಡುವವರೆಗೆ ಮೂರು ನೀರಲ್ಲಿ ತೊಳೆದು ಕುಟ್ಟುವುದು. ಬರೆಯುತ್ತ ಬರೆಯುತ್ತ ಅಕ್ಷರ ಮಸುಕಾದವು. ಆಗ ಅವಳಿಗೆ ತಾನು ಅಳುತ್ತಿರುವುದು ತಿಳಿಯಿತು. ಬೆಳಗಿನಿಂದ ಒಂದು ಹನಿ ಬಂದಿರಲಿಲ್ಲ. ತುದಿಯಲ್ಲಿ ಉಳಿದ ಜಾಗದಲ್ಲಿ, 'ಮಾಡಿದವಳು ಹನುಮಕ್ಕ' ಎಂದು ಬರೆದು ಕೆಳಗೆ ಗೆರೆ ಎಳೆದಳು.

ಲಕೋಟೆಯನ್ನು ಕಿಟಕಿಗೆ ಹಿಡಿದಳು. ಕಲ್ಯಾಣಮ್ಮ ಕೈ ಚಾಚಲಿಲ್ಲ. ಶಕುಂತಲ ಅದನ್ನು ಸೀಟಿನ ಮೇಲೆ ಇಟ್ಟು ಹಿಂದಿರುಗಿದಳು.

ಕಾಳಪ್ಪ ಮಗಳಿಗಾಗಿ ಅಲ್ಲೇ ಕಾಯುತ್ತಿದ್ದ. "ಏನಂದ್ಲು?"

"ಏನೂ ಅನ್ಲಿಲ್ಲ."

"ಬೈಲಿಲ್ವಾ?"

"ಇಲ್ಲಪ್ಪ."

ಅವನು ತಲೆಯಾಡಿಸಿದ. ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಿ ಗೊತ್ತಿಲ್ಲದವನು.

ಬಾಯಿಗಕ್ಕಿ ಹಾಕಿದ್ದಾಯಿತು. ಹನುಮಕ್ಕನನ್ನು ಎತ್ತಿದರು. ತಮಟೆ ಬಿತ್ತು, ದೇವಯ್ಯ ಮುಂದೆ ನಿಂತು ಪುರಿ ಎರಚಿದ. ಗಲ್ಲಿಯ ಬಾಯಿಗೆ ಬಂದಾಗ ಕಾರು ಇನ್ನೂ ಅಲ್ಲೇ ಇತ್ತು. ಡ್ರೈವರು ಹಿಂದಕ್ಕೆ ತೆಗೆಯಲು ನೋಡಿದ, ಆಗಲೇ ಎರಡೂ ಕಡೆ ಜನ ತುಂಬಿದ್ದರು. ಗೋಡೆಗೆ ಒತ್ತರಿಸಿ ನಿಲ್ಲಿಸಿ, ಇಂಜಿನು ಆರಿಸಿ, ಟೋಪಿ ತೆಗೆದ.

"ಸ್ವಲ್ಪ ಎಡಕ್ಕೆ, ಎಡಕ್ಕೆ. ನಿಧಾನ ಕಣ್ರಪ್ಪ, ಕಾರಿಗೆ ತಗಲಿಸ್ಬ್ಯಾಡಿ," ಎನ್ನುತ್ತಿದ್ದಳು ಮುನಿಯಕ್ಕ. "ಸತ್ತ ಮೇಲೂ ಅವ್ರ ವಸ್ತೂನೇ ಕಾಯ್ಬೇಕು ನಾವು."

ಚಟ್ಟ ಕಾರಿನ ಪಕ್ಕದಲ್ಲಿ ಒಂದು ಗೇಣು ಬಿಟ್ಟು ಸಾಗಿತು. ಹಿಂದೆ ನಡೆಯುತ್ತಿದ್ದ ಶಕುಂತಲ ಒಳಗೆ ನೋಡಬಾರದೆಂದುಕೊಂಡಿದ್ದಳು, ನೋಡಿದಳು. ಆಚೆ ಬದಿಯ ಕಿಟಕಿಯಿಂದ ಒಂದು ಕೈ ಗೋಡೆಯ ಕಡೆಗೆ ಹೊರಗೆ ಚಾಚಿತ್ತು. ಬಳೆ ತುಂಬಿದ ಕೈ. ಎರಡು ಬೆರಳ ತುದಿಯಲ್ಲಿ, ಮೂಲೆಯಷ್ಟೇ ಹಿಡಿದ ಲಕೋಟೆ. ಕೆಳಗೆ ಚರಂಡಿ. ಕೈ ಅಲ್ಲೇ ನಿಂತಿತು. ತಮಟೆ ಮುಂದೆ ಹೋಯಿತು, ಚಟ್ಟ ಮುಂದೆ ಹೋಯಿತು, ಪುರಿಯ ಕಾಳು ಕಾರಿನ ನೆತ್ತಿಯ ಮೇಲೆ ಉದುರಿ ಜಾರಿದವು. ಕೈ ಇನ್ನೂ ಅಲ್ಲೇ ಇತ್ತು. ಆಮೇಲೆ ನಿಧಾನಕ್ಕೆ, ಲಕೋಟೆಯ ಸಮೇತ, ಒಳಗೆ ಹೋಯಿತು. ಕಿಟಕಿಯ ಗಾಜು ಮೇಲೇರಿತು.